ಕಾರಿನ ಬ್ಯಾಟರಿ ಬದಲಿಸುವಾಗ: ಸೀಸವೇ ಇರಲಾ, ಲಿಥಿಯಂ ಹಾಕಿಸಲಾ?

ಮನೆಯ ಇನ್ವರ್ಟರಿಗೆ ಲಿಥಿಯಂ ಬಂದಾಯಿತು. ಎಲೆಕ್ಟ್ರಿಕ್ ಸ್ಕೂಟರ್ ಓಡೋದೇ ಅದರ ಮೇಲೆ. ಹಾಗಿದ್ದ ಮೇಲೆ ಮೂರ್ನಾಲ್ಕು ವರ್ಷಕ್ಕೊಮ್ಮೆ ಕೈ ಕೊಡುವ ಸೀಸದ ಬ್ಯಾಟರಿಯನ್ನು ಕಾರಿನಲ್ಲಿ ಇನ್ನೂ ಯಾಕೆ ಇಟ್ಟುಕೊಳ್ಳಬೇಕು? ಹತ್ತು ವರ್ಷ ಬರುತ್ತೆ, ತೂಕ ಅರ್ಧಕ್ಕಿಂತ ಕಡಿಮೆ, ನೀರು ಹಾಕೋ ತಾಪತ್ರಯ ಇಲ್ಲ ಅಂತ ಜಾಹೀರಾತು ಹೇಳುತ್ತದೆ. ಅದರಲ್ಲಿ ದೊಡ್ಡ ಸುಳ್ಳೇನಿಲ್ಲ. ಆದರೆ ಅಷ್ಟಕ್ಕೇ ತೀರ್ಮಾನ ಮಾಡೋಕಾಗಲ್ಲ.

ನನ್ನ ಮಾತು ಮೊದಲೇ ಹೇಳಿಬಿಡುತ್ತೇನೆ. ದಿನಾ ಓಡಾಡುವ ಪೆಟ್ರೋಲ್ ಅಥವಾ ಡೀಸೆಲ್ ಕಾರು, ಬಾನೆಟ್ ಕೆಳಗೆ ಇರೋದು ಒಂದೇ ಬ್ಯಾಟರಿ ಅಂತಾದರೆ, ಅದನ್ನು ತೆಗೆದು ಲಿಥಿಯಂ ಹಾಕಿಸೋದು ನಷ್ಟದ ವ್ಯಾಪಾರ. ಇದಕ್ಕೆ ಬ್ಯಾಟರಿ ಕಾರಣ ಅಲ್ಲ. ಅದನ್ನು ಚಾರ್ಜ್ ಮಾಡುವ ಆಲ್ಟರ್ನೇಟರ್ ಕಾರಣ. ಲಿಥಿಯಂ ಹಾಕಿಸಿದರೆ ಲಾಭ ಆಗುವ ಜನರೂ ಇದ್ದಾರೆ. ಅವರ ವಿಷಯಕ್ಕೂ ಬರುತ್ತೇನೆ.

ಕಾರು ಬ್ಯಾಟರಿಯಿಂದ ಕೇಳೋದು ಏನು?

ಸಣ್ಣ ಪೆಟ್ರೋಲ್ ಕಾರಿನ ಸ್ಟಾರ್ಟರ್ ಮೋಟಾರ್ ಸುಮಾರು 150ರಿಂದ 250 ಆಂಪ್ ಎಳೆಯುತ್ತದೆ. ಡೀಸೆಲ್ ಆದರೆ ಇನ್ನೂ ಜಾಸ್ತಿ. ಆದರೆ ಎಷ್ಟು ಹೊತ್ತು? ಒಂದು ಸೆಕೆಂಡ್, ಹೆಚ್ಚೆಂದರೆ ಎರಡು. 200 ಆಂಪ್ ಒಂದು ಸೆಕೆಂಡ್ ಎಳೆದರೆ ಖರ್ಚಾಗೋದು ಸುಮಾರು 0.06 ಎಎಚ್ (ಆಂಪ್-ಅವರ್, ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ತುಂಬುತ್ತದೆ ಅನ್ನೋದರ ಅಳತೆ). 35 ಎಎಚ್ ಬ್ಯಾಟರಿಯ ಐನೂರರಲ್ಲಿ ಒಂದು ಪಾಲೂ ಅಲ್ಲ. ಎಂಜಿನ್ ಸ್ಟಾರ್ಟ್ ಆದ ಕೂಡಲೇ ಆಲ್ಟರ್ನೇಟರ್ ಆ ಖರ್ಚನ್ನು ತುಂಬಿಕೊಡುತ್ತದೆ.

ಲಿಥಿಯಂ ಮಾರುವವರು ‘2000 ಸೈಕಲ್’ ಅಂತ ಹೇಳುತ್ತಾರಲ್ಲ, ಅದು ಪೂರ್ತಿ ಖಾಲಿ ಮಾಡಿ ಪೂರ್ತಿ ತುಂಬುವ ಲೆಕ್ಕ. ಇನ್ವರ್ಟರಿನಲ್ಲಿ, ಸ್ಕೂಟರಿನಲ್ಲಿ ಆ ಗುಣಕ್ಕೆ ಬೆಲೆ ಇದೆ. ಕಾರಿನ ಬ್ಯಾಟರಿ ದಿನವಿಡೀ ತುಂಬಿಯೇ ಇರುತ್ತದೆ. ಅಂದರೆ ಲಿಥಿಯಂನ ಅತಿ ದೊಡ್ಡ ಗುಣಕ್ಕೆ ದುಡ್ಡು ಕೊಟ್ಟು, ಆ ಗುಣವನ್ನು ಬಳಸದೇ ಇಟ್ಟ ಹಾಗಾಯಿತು.

ಅಂಗಡಿಯಲ್ಲಿ ಸಿಗುವ ನಾಲ್ಕು ಬಗೆ

ಮೊದಲನೆಯದು ಎಲ್ಲರಿಗೂ ಗೊತ್ತಿರುವ ಆಸಿಡ್ ಬ್ಯಾಟರಿ. ಒಳಗೆ ಆರು ಸೆಲ್, ಒಂದೊಂದೂ ಸುಮಾರು 2.1 ವೋಲ್ಟ್. ಪೂರ್ತಿ ಚಾರ್ಜ್ ಆಗಿ ಸುಮ್ನೆ ಇದ್ದಾಗ 12.6, 12.7 ತೋರಿಸುತ್ತದೆ. 1859ರಲ್ಲಿ ಫ್ರಾನ್ಸಿನ ಗಾಸ್ಟನ್ ಪ್ಲಾಂಟೆ ಕಂಡುಹಿಡಿದ ವಿದ್ಯೆ ಇದು. ಇವತ್ತಿಗೂ ಇದರಷ್ಟು ಕಡಿಮೆ ದುಡ್ಡಿಗೆ ಇಷ್ಟು ಆಂಪ್ ಕೊಡುವ ವಸ್ತು ಬಂದಿಲ್ಲ.

ಎರಡನೆಯದು ಇಎಫ್‌ಬಿ. ಅದೇ ಆಸಿಡ್ ಬ್ಯಾಟರಿ, ಪ್ಲೇಟ್ ಇನ್ನಷ್ಟು ಗಟ್ಟಿ. ಸಿಗ್ನಲ್‌ನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಕಾರುಗಳಿಗಾಗಿ ಮಾಡಿದ್ದು. ಮೂರನೆಯದು ಎಜಿಎಂ. ಇದರಲ್ಲಿ ಆಸಿಡ್ಡನ್ನು ಗಾಜಿನ ನಾರಿನ ಹಾಸು ಹೀರಿಕೊಂಡಿರುತ್ತದೆ. ಚೆಲ್ಲುವುದಿಲ್ಲ, ನೀರು ಕೇಳುವುದಿಲ್ಲ, ಪದೇ ಪದೇ ಸ್ಟಾರ್ಟ್ ಮಾಡಿದರೂ ತಡೆಯುತ್ತದೆ. ಬೆಲೆ ಮಾತ್ರ ಹೆಚ್ಚು, ಬಿಸಿಯೂ ಆಗಿಬರಲ್ಲ. ಅನೇಕ ಜರ್ಮನ್ ಕಾರುಗಳಲ್ಲಿ ಇದನ್ನು ಡಿಕ್ಕಿಯಲ್ಲಿ ಕೂರಿಸಿರೋದನ್ನು ನೋಡಿರುತ್ತೀರಿ. ನಿಮ್ಮ ಕಾರಿಗೆ ಇಎಫ್‌ಬಿ ಬಂದಿದ್ದರೆ ಇಎಫ್‌ಬಿ ಅಥವಾ ಎಜಿಎಂ ಹಾಕಿಸಿ. ಸಾವಿರ ರೂಪಾಯಿ ಉಳಿಸೋಕೆ ಮಾಮೂಲಿ ಹಾಕಿಸಿದರೆ ಬೇಗ ಸಾಯುತ್ತದೆ.

ನಾಲ್ಕನೆಯದು ಲಿಥಿಯಂ. ಇಲ್ಲಿ ಒಂದು ಎಚ್ಚರಿಕೆ. ಕಾರಿನ 12 ವೋಲ್ಟಿಗೆ ಸಾಮಾನ್ಯವಾಗಿ ಹೊಂದೋದು ಲಿಥಿಯಂ ಐರನ್ ಫಾಸ್ಫೇಟ್, ಅಂದರೆ ಎಲ್‌ಎಫ್‌ಪಿ. 3.2 ವೋಲ್ಟಿನ ನಾಲ್ಕು ಸೆಲ್ ಸೇರಿದರೆ 12.8 ಆಗುತ್ತದೆ, ಚಾರ್ಜಿಂಗ್ ಮಿತಿ 14.6. ಲ್ಯಾಪ್‌ಟಾಪಿನಲ್ಲಿ ಇರುವಂಥ ಎನ್‌ಎಂಸಿ ಅನ್ನುವ ಇನ್ನೊಂದು ಬಗೆಯ ಲಿಥಿಯಂ ಸೆಲ್‌ಗಳನ್ನು ಮೂರು ಜೋಡಿಸಿದರೆ 12.6ಕ್ಕೇ ಪೂರ್ತಿ ತುಂಬುತ್ತವೆ. ಆಲ್ಟರ್ನೇಟರ್ ಕೊಡುವ 14.4 ಅವಕ್ಕೆ ಅಪಾಯ. ನಾಲ್ಕು ಜೋಡಿಸಿದರೆ 16.8 ಬೇಕು, ಕಾರು ಅಷ್ಟು ಕೊಡಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸೆಲ್, ಅದನ್ನು ಕಾಯುವ ಬಿಎಂಎಸ್ ಸರ್ಕ್ಯೂಟ್ ಎಲ್ಲ ಬಿಡಿಬಿಡಿಯಾಗಿ ಸಿಗುತ್ತವೆ ಅಂತ ಜೋಡಿಸಿಕೊಳ್ಳೋಕೆ ಹೊರಡುವವರಿಗೆ ಈ ಮಾತು. ಪೆಟ್ರೋಲ್ ಪೈಪಿನ ಪಕ್ಕ ಇಡುವ ವಸ್ತುವಿನಲ್ಲಿ ಪ್ರಯೋಗ ಬೇಡ.

ಅಸಲಿ ತೊಡಕು: ಆಲ್ಟರ್ನೇಟರ್

ಸೀಸದ ಬ್ಯಾಟರಿ ಖಾಲಿಯಾದಾಗ ಚಾರ್ಜನ್ನು ನಿಧಾನಕ್ಕೆ ಎಳೆಯುತ್ತದೆ. ತುಂಬುತ್ತಾ ಬಂದ ಹಾಗೆ ಇನ್ನೂ ನಿಧಾನ. ಲಿಥಿಯಂನ ಒಳ ಪ್ರತಿರೋಧ ತುಂಬಾ ಕಡಿಮೆ. ಕೊಟ್ಟಷ್ಟನ್ನೂ ಎಳೆದುಕೊಳ್ಳುತ್ತದೆ, ಹೆಚ್ಚುಕಡಿಮೆ ಕೊನೆಯ ತನಕ. ಬ್ಯಾಟರಿ ಇಳಿದಿರುವಾಗ ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಎಂಜಿನ್ ಐಡಲ್ ಇದ್ದರೆ, ಆಲ್ಟರ್ನೇಟರಿನ ಫ್ಯಾನ್ ನಿಧಾನಕ್ಕೆ ತಿರುಗುತ್ತಿರುತ್ತದೆ, ಗಾಳಿ ಇಲ್ಲ, ಲೋಡ್ ಮಾತ್ರ ಪೂರ್ತಿ. ಅದರ ವೈಂಡಿಂಗ್ ಕಾದು ಸುಡೋಕೆ ಇದೇ ದಾರಿ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಲಿಥಿಯಂ ಬ್ಯಾಟರಿಯ ಒಳಗೆ ಬಿಎಂಎಸ್ ಅನ್ನುವ ಸರ್ಕ್ಯೂಟ್ ಇರುತ್ತದೆ. ವೋಲ್ಟೇಜ್ ಹೆಚ್ಚಾದರೆ, ಕಡಿಮೆಯಾದರೆ, ಬಿಸಿ ಮಿತಿ ಮೀರಿದರೆ, ಅದು ಬ್ಯಾಟರಿಯ ಸಂಪರ್ಕವನ್ನೇ ಕತ್ತರಿಸುತ್ತದೆ. ಸೆಲ್ ಉಳಿಸೋಕೆ ಅದು ಬೇಕೇ ಬೇಕು. ಆದರೆ ಕಾರು ಓಡುತ್ತಿರುವಾಗ ಹೀಗಾದರೆ ಏನು ಗತಿ?

ಚಾರ್ಮಾಡಿ ಘಾಟಿ ಇಳಿಯುತ್ತಿದ್ದೀರಿ ಅಂದುಕೊಳ್ಳಿ. ಈಗಿನ ಬಿಎಸ್ 6 ಕಾರುಗಳಲ್ಲಿ ಅನೇಕಕ್ಕೆ ಸ್ಮಾರ್ಟ್ ಆಲ್ಟರ್ನೇಟರ್ ಇದೆ. ಆಕ್ಸಿಲರೇಟರಿನಿಂದ ಕಾಲು ತೆಗೆದಾಗ, ಪುಕ್ಕಟೆ ಸಿಗುವ ಶಕ್ತಿಯನ್ನು ಹಿಡಿದಿಟ್ಟುಕೊಳ್ಳಲು ಅದು ವೋಲ್ಟೇಜನ್ನು 15ರ ಹತ್ತಿರಕ್ಕೂ ಏರಿಸಬಹುದು. ಸೀಸದ ಬ್ಯಾಟರಿ ಅದನ್ನು ನುಂಗಿಕೊಳ್ಳುತ್ತದೆ. ಆಗಲೇ ತುಂಬಿರುವ ಲಿಥಿಯಂಗೆ 14.6 ದಾಟಿದರೆ ಆಗಲ್ಲ. ಬಿಎಂಎಸ್ ಕಡಿದುಬಿಡುತ್ತದೆ. ಜೋರಾಗಿ ನೀರು ಬರುತ್ತಿರುವ ಪೈಪಿನ ವಾಲ್ವನ್ನು ತಟ್ಟನೆ ಮುಚ್ಚಿದರೆ ಪೈಪ್ ಹೇಗೆ ಒದರಿಕೊಳ್ಳುತ್ತದೋ ಹಾಗೆ, ಆಲ್ಟರ್ನೇಟರಿನ ಕರೆಂಟ್ ಹೋಗಲು ಜಾಗವಿಲ್ಲದೆ ವೋಲ್ಟೇಜ್ ಚಿಮ್ಮುತ್ತದೆ. ಇದಕ್ಕೆ ಲೋಡ್ ಡಂಪ್ ಅನ್ನುತ್ತಾರೆ. ಆಲ್ಟರ್ನೇಟರಿನಲ್ಲಿ ಅದನ್ನು ತಡೆಯುವ ಡಯೋಡ್ ಇದ್ದರೆ ಸುಮಾರು 35 ವೋಲ್ಟಿಗೆ ನಿಲ್ಲುತ್ತದೆ. ಇಲ್ಲದಿದ್ದರೆ 80, 100 ವೋಲ್ಟಿನ ಮಟ್ಟಕ್ಕೂ ಹೋಗಬಹುದು. ಅದು ನೇರ ಇಸಿಯು ಅನ್ನುವ ಎಂಜಿನ್ ಕಂಪ್ಯೂಟರ್, ಮ್ಯೂಸಿಕ್ ಸಿಸ್ಟಂ, ಬ್ರೇಕಿನ ಎಬಿಎಸ್ ಕಡೆಗೆ. ಒಂದು ಇಸಿಯು ಬೆಲೆಗೆ ಎಷ್ಟು ಸೀಸದ ಬ್ಯಾಟರಿ ಬರುತ್ತವೆ ಅಂತ ನೀವೇ ವಿಚಾರಿಸಿ ನೋಡಿ.

ಸ್ಮಾರ್ಟ್ ಆಲ್ಟರ್ನೇಟರ್ ಕಾರಿನಲ್ಲಿ ಇನ್ನೂ ಒಂದಿದೆ. ನೆಗೆಟಿವ್ ಟರ್ಮಿನಲ್ ಮೇಲೆ ಕೂತಿರುವ ಪುಟ್ಟ ಸೆನ್ಸರ್ ಬ್ಯಾಟರಿಯ ವೋಲ್ಟೇಜ್, ಕರೆಂಟ್, ಬಿಸಿ ನೋಡಿ, ಎಷ್ಟು ಚಾರ್ಜ್ ಇದೆ ಅಂತ ಅಂದಾಜು ಮಾಡುತ್ತದೆ. ಅದು ಕಲಿತಿರೋದು ಸೀಸದ ಲೆಕ್ಕ. ಸೀಸಕ್ಕೆ 12.7 ಅಂದರೆ ತುಂಬಿದೆ, 12.2 ಅಂದರೆ ಅರ್ಧ. ಎಲ್‌ಎಫ್‌ಪಿ ತುಂಬಿದಾಗ 13.3, ಮುಕ್ಕಾಲು ಪಾಲು ಖಾಲಿಯಾದರೂ 12.9ರ ಆಸುಪಾಸಿನಲ್ಲೇ ನಿಂತಿರುತ್ತದೆ. ಬ್ಯಾಟರಿ ಬರಿದಾಗುತ್ತಿದ್ದರೂ ಕಾರು ‘ಫುಲ್ ಇದೆ’ ಅಂತ ನಂಬಿ ಆಲ್ಟರ್ನೇಟರನ್ನು ಆರಾಮಾಗಿ ಬಿಟ್ಟಿರುತ್ತದೆ. ಎಲ್ಲ ಕಾರಿನಲ್ಲೂ ಹೀಗೇ ಆಗುತ್ತದೆ ಅಂತಲ್ಲ. ಆದರೆ ನಿಮ್ಮ ಕಾರಿನಲ್ಲಿ ಆಗಲ್ಲ ಅಂತ ಬರೆದುಕೊಡುವ ಅಂಗಡಿಯವರು ಸಿಗೋದು ಕಷ್ಟ.

ಕಂಪನಿಯವರೇ ಲಿಥಿಯಂ ಹಾಕಿದ ಕಡೆ

‘ದೊಡ್ಡ ದೊಡ್ಡ ಕಾರಿನಲ್ಲೇ ಬಂದಿದೆಯಲ್ಲ’ ಅನ್ನೋ ವಾದ ಬರುತ್ತದೆ. ಬಂದಿದೆ, ನಿಜ. ಹ್ಯುಂಡೈ ಅಯಾನಿಕ್ ಹೈಬ್ರಿಡ್‌ನಲ್ಲಿ ಸೀಸದ ಬ್ಯಾಟರಿಯೇ ಇರಲಿಲ್ಲ. 12 ವೋಲ್ಟಿನ ಲಿಥಿಯಂ, ದೊಡ್ಡ ಬ್ಯಾಟರಿಯ ಜೊತೆಗೇ ಹಿಂದಿನ ಸೀಟಿನ ಕೆಳಗೆ. ಅದು ಇಳಿದು ತಾನೇ ಕಡಿದುಕೊಂಡರೆ ಮತ್ತೆ ಎಬ್ಬಿಸೋಕೆ ಡ್ರೈವರ್ ಕೈಗೆ ಸಿಗುವ ಹಾಗೆ ಒಂದು ಗುಂಡಿಯನ್ನೂ ಕೊಟ್ಟಿದ್ದರು. ಟೆಸ್ಲಾ 2021ರಲ್ಲಿ ಸೀಸ ಬಿಟ್ಟು ಲಿಥಿಯಂಗೆ ಬಂತು. ಈ ಎರಡೂ ಕಡೆ ಆಲ್ಟರ್ನೇಟರ್ ಅನ್ನೋದೇ ಇಲ್ಲ. ದೊಡ್ಡ ಬ್ಯಾಟರಿಯಿಂದ ಕನ್ವರ್ಟರ್ ಮೂಲಕ ಅಳತೆ ಮಾಡಿ ಚಾರ್ಜ್ ಬರುತ್ತದೆ.

ನಮ್ಮ ಮನೆ ಮುಂದಿನ ಉದಾಹರಣೆ ಬೇಕಾದರೆ ಮಾರುತಿಯ ಸ್ಮಾರ್ಟ್ ಹೈಬ್ರಿಡ್ ನೋಡಿ. 2018ರ ಸಿಯಾಜ್ ಪೆಟ್ರೋಲ್‌ನಿಂದ ಶುರುವಾಗಿ ಎರ್ಟಿಗಾದಂಥ ಕಾರುಗಳಲ್ಲೂ ಎರಡು ಬ್ಯಾಟರಿ ಇವೆ. ಪುಟ್ಟ ಲಿಥಿಯಂ ಮುಂದಿನ ಸೀಟಿನ ಕೆಳಗೆ, ಸೀಸದ್ದು ಬಾನೆಟ್ ಒಳಗೆ. ಬೆಳಿಗ್ಗೆಯ ಮೊದಲ ಸ್ಟಾರ್ಟ್ ಸೀಸದಿಂದ. ಸಿಗ್ನಲ್‌ನಲ್ಲಿ ಆಫ್ ಆಗಿ ಮತ್ತೆ ಎದ್ದೇಳುವಾಗ ಲಿಥಿಯಂ ನೆರವು. ಕೈಯಲ್ಲಿ ಲಿಥಿಯಂ ಇಟ್ಟುಕೊಂಡೂ ಅದನ್ನು ತಣ್ಣಗಿರುವ ಜಾಗದಲ್ಲಿ ಕೂರಿಸಿ, ಒರಟು ಕೆಲಸವನ್ನು ಸೀಸಕ್ಕೇ ಬಿಟ್ಟಿದ್ದಾರೆ. ಇದಕ್ಕಿಂತ ಒಳ್ಳೆಯ ಸುಳಿವು ಬೇಕಾ?

ಆಲ್ಟರ್ನೇಟರ್ ಇರುವ ಕಾರಿಗೂ ಲಿಥಿಯಂ ಕೊಟ್ಟವರು ಪೋರ್ಷೆ. 2010ರಿಂದ 911 ಜಿಟಿ3, ಬಾಕ್ಸ್‌ಸ್ಟರ್ ಸ್ಪೈಡರ್‌ನಂಥ ರೇಸ್ ಹುಚ್ಚಿನ ಕಾರುಗಳಿಗೆ ಬೇಕಾದರೆ ತಗೊಳ್ಳಿ ಅಂತ ಇಟ್ಟಿದ್ದರು. ತೂಕ 6 ಕೆ.ಜಿ.ಯೊಳಗೆ, ಮಾಮೂಲಿಗಿಂತ 10 ಕೆ.ಜಿ. ಕಡಿಮೆ. ಮಜಾ ಅಂದರೆ, ಅದರ ಜೊತೆಗೆ ಒಂದು ಸೀಸದ ಬ್ಯಾಟರಿಯನ್ನೂ ಕೊಡುತ್ತಿದ್ದರು, ಚಳಿಗಾಲದಲ್ಲಿ ಬದಲಿಸಿಕೊಳ್ಳೋಕೆ.

ಬಿಸಿ, ಚಳಿ

ಚಳಿಯ ಮಾತು ಕರ್ನಾಟಕದೊಳಗೆ ಇರುವವರಿಗೆ ಅಷ್ಟಾಗಿ ಬೇಡ. ಆದರೆ ಟೊರಾಂಟೊ, ಶಿಕಾಗೊ ಕಡೆ ಇರುವ ನಮ್ಮವರಿಗೆ, ಲಡಾಖ್‌ಗೆ ಕಾರು ತಗೊಂಡು ಹೋಗುವವರಿಗೆ ಇದು ಗೊತ್ತಿರಬೇಕು. ಸೊನ್ನೆ ಡಿಗ್ರಿಗಿಂತ ಕೆಳಗೆ ಎಲ್‌ಎಫ್‌ಪಿ ಸೆಲ್ಲನ್ನು ಚಾರ್ಜ್ ಮಾಡುವ ಹಾಗಿಲ್ಲ. ಒಳಗೆ ಲಿಥಿಯಂ ಲೋಹವಾಗಿ ಕಟ್ಟಿಕೊಂಡು ಸೆಲ್ ಹಾಳಾಗುತ್ತದೆ. ಒಳ್ಳೆಯ ಬ್ಯಾಟರಿಗಳಲ್ಲಿ ಹೀಟರ್ ಇರುತ್ತದೆ, ಇಲ್ಲವೇ ಬಿಎಂಎಸ್ ಚಾರ್ಜ್ ನಿಲ್ಲಿಸುತ್ತದೆ. ನಿಲ್ಲಿಸಿದರೆ ಮತ್ತೆ ಮೇಲೆ ಹೇಳಿದ ಕಥೆಯೇ.

ನಮಗೆ ತೊಂದರೆ ಬಿಸಿಯದು. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನಲ್ಲಿ ಹೊರಗಡೆಯೇ 40 ದಾಟುತ್ತದೆ. ಕಾರು ನಿಲ್ಲಿಸಿದ ಮೇಲೆ ಗಾಳಿಯಾಡದ ಬಾನೆಟ್ ಒಳಗೆ ಅದಕ್ಕಿಂತ ಎಷ್ಟೋ ಜಾಸ್ತಿ. ಎಲ್‌ಎಫ್‌ಪಿ ಬ್ಯಾಟರಿಗಳ ಮೇಲ್ಮಿತಿ ಸಾಮಾನ್ಯವಾಗಿ 60 ಡಿಗ್ರಿ ಸುತ್ತಮುತ್ತ ಇರುತ್ತದೆ. ಬಿಸಿ ಸೀಸಕ್ಕೂ ಒಳ್ಳೆಯದಲ್ಲ. ಹತ್ತು ಡಿಗ್ರಿ ಏರಿದರೆ ಆಯಸ್ಸು ಅರ್ಧ ಅನ್ನೋದು ಹಳೆಯ ಲೆಕ್ಕ. ಆದರೆ ಅದು ಬಿಸಿಗೆ ನಿಧಾನಕ್ಕೆ ಮುದಿಯಾಗುತ್ತದೆಯೇ ಹೊರತು ದಾರಿ ಮಧ್ಯೆ ಸಂಪರ್ಕ ಕಡಿದುಕೊಳ್ಳುವುದಿಲ್ಲ.

‘35 ಎಎಚ್‌ಗೆ ಸಮ’ ಅಂತ ಬರೆದಿದ್ದರೆ

ಲಿಥಿಯಂ ಸ್ಟಾರ್ಟರ್ ಬ್ಯಾಟರಿ ಡಬ್ಬದ ಮೇಲೆ ಅನೇಕ ಸಲ ‘ಸಮಾನ ಎಎಚ್’ ಅಂತ ಒಂದು ಅಂಕಿ ಇರುತ್ತದೆ. ಅದು ಸೆಲ್ಫ್ ಹೊಡೆಯುವ ತಾಕತ್ತಿನ ಹೋಲಿಕೆ. ಒಳಗೆ ನಿಜಕ್ಕೂ ತುಂಬಿರೋದು ಅದರ ಅರ್ಧ ಅಥವಾ ಮೂರನೇ ಒಂದು ಭಾಗ ಇರಬಹುದು. ಪೋರ್ಷೆಯ ಆ ಬ್ಯಾಟರಿಯೂ 60 ಎಎಚ್ ಸೀಸದ ಜಾಗದಲ್ಲಿ ಕೂತಿದ್ದು 18 ಎಎಚ್‌ನದು.

ನಿಲ್ಲಿಸಿದ ಕಾರು ಕೂಡ ಕರೆಂಟ್ ತಿನ್ನುತ್ತದೆ. ಅಲಾರಂ, ಸೆಂಟ್ರಲ್ ಲಾಕ್, ಗಡಿಯಾರ, ಜಿಪಿಎಸ್ ಟ್ರ್ಯಾಕರ್, ಡ್ಯಾಶ್‌ಕ್ಯಾಮ್ ಎಲ್ಲ ಸೇರಿ 25 ಮಿಲಿಆಂಪ್ ಅಂದುಕೊಂಡರೂ ದಿನಕ್ಕೆ 0.6 ಎಎಚ್, ತಿಂಗಳಿಗೆ 18 ಎಎಚ್. 35 ಎಎಚ್ ಸೀಸದ ಬ್ಯಾಟರಿ ಅರ್ಧಕ್ಕೆ ಇಳಿದರೂ ಹೇಗೋ ಎದ್ದೇಳುತ್ತದೆ. ‘35ಕ್ಕೆ ಸಮ’ವಾದ 15 ಎಎಚ್ ಲಿಥಿಯಂ ತಿಂಗಳು ಮುಗಿಯುವ ಮುಂಚೆಯೇ ಬಿಎಂಎಸ್ ಬೀಗ ಹಾಕಿಕೊಂಡು ಮಲಗಿರುತ್ತದೆ. ಮೀಟರ್ ಹಿಡಿದರೆ ಸೊನ್ನೆ ವೋಲ್ಟ್. ಪಕ್ಕದ ಮನೆಯವರ ಕಾರಿಂದ ಜಂಪ್ ಕೊಡೋಣ ಅಂದರೆ ಅದೂ ಸರಾಗ ಇಲ್ಲ. ಮೊದಲು ಬಿಎಂಎಸ್ಸನ್ನು ಎಬ್ಬಿಸಬೇಕು.

ಇದರ ಉಲ್ಟಾ ತಪ್ಪನ್ನೂ ಜನ ಮಾಡುತ್ತಾರೆ. ಸೋಲಾರ್ ಅಥವಾ ಇನ್ವರ್ಟರಿಗೆ ಅಂತ ಬರುವ 100 ಎಎಚ್ ಲಿಥಿಯಂ ತಂದು ಕಾರಿಗೆ ಹಾಕೋದು. ಎಎಚ್ ಬೇಕಾದಷ್ಟಿದೆ, ಆದರೆ ಅದರ ಬಿಎಂಎಸ್ ಸಾಮಾನ್ಯವಾಗಿ 100 ಆಂಪ್‌ನದು. ಸ್ಟಾರ್ಟರ್ 200 ಆಂಪ್ ಕೇಳಿದ ಕ್ಷಣ ಟಕ್ ಅಂತ ಕಡಿಯಬಹುದು.

ದುಡ್ಡಿನ ಲೆಕ್ಕ

ಸಣ್ಣ ಪೆಟ್ರೋಲ್ ಕಾರಿನ ಸೀಸದ ಬ್ಯಾಟರಿ ನಾಲ್ಕೈದು ಸಾವಿರಕ್ಕೆ ಬರುತ್ತದೆ. ಹಳೆಯದನ್ನು ಕೊಟ್ಟರೆ ಅದರಲ್ಲೂ ಒಂದಿಷ್ಟು ಬಿಡುತ್ತಾರೆ, ಯಾಕೆಂದರೆ ಸೀಸಕ್ಕೆ ಗುಜರಿಯಲ್ಲಿ ಯಾವಾಗಲೂ ಬೆಲೆ ಇದೆ. ಸ್ಟಾರ್ಟರ್‌ಗೆಂದೇ ಮಾಡಿದ ಲಿಥಿಯಂಗೆ ಕಡಿಮೆ ಅಂದರೂ ಇದರ ಮೂರ್ನಾಲ್ಕು ಪಟ್ಟು, ಹಳೆಯದಕ್ಕೆ ಎಕ್ಸ್‌ಚೇಂಜ್ ಅನ್ನೋ ಮಾತಿಲ್ಲ. ಮೊದಲು ಲಿಥಿಯಂಗೆ ತೆರಿಗೆ ಕಡಿಮೆ ಇತ್ತು. 2025ರ ಸೆಪ್ಟೆಂಬರ್ 22ರಿಂದ ಎರಡಕ್ಕೂ ಜಿಎಸ್‌ಟಿ 18%, ಹಾಗಾಗಿ ಆ ಅನುಕೂಲವೂ ಹೋಯಿತು.

ಸೀಸದ್ದು ನಾಲ್ಕು ವರ್ಷಕ್ಕೊಂದು ಅಂತ ಹಿಡಿದರೆ ಹನ್ನೆರಡು ವರ್ಷಕ್ಕೆ ಮೂರು. ಲಿಥಿಯಂ ಒಂದೇ, ಅದೂ ಬಾನೆಟ್ ಬಿಸಿಯಲ್ಲಿ ಹನ್ನೆರಡು ವರ್ಷ ಬಾಳಿದರೆ ಮಾತ್ರ ಸರಿಸಮ. ಅಷ್ಟು ದಿನ ಅದೇ ಕಾರನ್ನು ನೀವು ಇಟ್ಟುಕೊಂಡಿರುತ್ತೀರಾ? ಏಳೆಂಟು ಕೆ.ಜಿ. ತೂಕ ಕಡಿಮೆಯಾಗಿ ಮೈಲೇಜ್ ಬರುತ್ತೆ ಅನ್ನೋರಿಗೆ ಒಂದು ಮಾತು. ಟನ್ ತೂಗುವ ಕಾರಿನಲ್ಲಿ ಅದು ಲೆಕ್ಕಕ್ಕೇ ಬರಲ್ಲ. ಡಿಕ್ಕಿಯಲ್ಲಿರುವ ಬೇಡದ ಸಾಮಾನು ಇಳಿಸಿದರೆ ಅಷ್ಟೇ ತೂಕ ಪುಕ್ಕಟೆ ಇಳಿಯುತ್ತದೆ.

ವಾರಂಟಿ ಕಾರ್ಡಿನ ಸಣ್ಣ ಅಕ್ಷರ ಎರಡರಲ್ಲೂ ಓದಿ. ಸೀಸದ್ದರಲ್ಲಿ ‘48 ತಿಂಗಳು’ ಅಂತ ಬರೆದಿದ್ದರೆ ಅದರಲ್ಲಿ ಮೊದಲ ಭಾಗ ಮಾತ್ರ ಪುಕ್ಕಟೆ ಬದಲಿ. ಉಳಿದದ್ದು ಪ್ರೊ ರೇಟಾ, ಅಂದರೆ ಹೊಸದರ ಮೇಲೆ ರಿಯಾಯಿತಿ ಅಷ್ಟೇ. ಲಿಥಿಯಂನಲ್ಲಿ ‘ಎಂಜಿನ್ ಬೇಯಲ್ಲಿ ಬಳಸಿದರೆ ವಾರಂಟಿ ಇಲ್ಲ’ ಅನ್ನೋ ಸಾಲು ಇದೆಯಾ ನೋಡಿ. ಕಾರಿಗೇ ಇನ್ನೂ ಕಂಪನಿ ವಾರಂಟಿ ಇದ್ದರೆ ಈ ಆಲೋಚನೆಯನ್ನೇ ಬಿಡಿ.

ಹಾಗಾದರೆ ಯಾರು ಹಾಕಿಸಬಹುದು?

ರೇಸ್ ಟ್ರ್ಯಾಕಿಗೆ ಇಳಿಯುವವರು. ಅಲ್ಲಿ ಒಂದೊಂದು ಕೆ.ಜಿ.ಗೂ ಬೆಲೆ ಇದೆ, ಜೊತೆಗೆ ಟೂಲ್ ಬಾಕ್ಸ್ ಹಿಡಿದವರೂ ಇರುತ್ತಾರೆ.

ಅದಕ್ಕಿಂತ ಹೆಚ್ಚು ಜನಕ್ಕೆ ಒಪ್ಪುವ ದಾರಿ ಎರಡನೇ ಬ್ಯಾಟರಿಯಾಗಿ ಹಾಕಿಸೋದು. ಕಾರಿನಲ್ಲಿ ಫ್ರಿಜ್, ಲೈಟು, ಲ್ಯಾಪ್‌ಟಾಪ್ ಇಟ್ಟುಕೊಂಡು ಕ್ಯಾಂಪಿಂಗ್ ಹೋಗುವವರಿಗೆ ಲಿಥಿಯಂನಷ್ಟು ಒಳ್ಳೆಯದು ಬೇರೆ ಇಲ್ಲ. ಬಾನೆಟ್ಟಿನಲ್ಲಿ ಸೀಸದ್ದು ಹಾಗೇ ಇರಲಿ. ಹಿಂದೆ ಡಿಕ್ಕಿಯಲ್ಲಿ ಎಲ್‌ಎಫ್‌ಪಿ, ನಡುವೆ ಒಂದು ಡಿಸಿ-ಡಿಸಿ ಚಾರ್ಜರ್. ಆ ಚಾರ್ಜರ್ ಆಲ್ಟರ್ನೇಟರಿನಿಂದ 20 ಅಥವಾ 30 ಆಂಪ್ ಅಂತ ಅಳೆದು ಮಾತ್ರ ತಗೊಳ್ಳುತ್ತದೆ, ಲಿಥಿಯಂಗೆ ಬೇಕಾದ ವೋಲ್ಟೇಜ್ ಮಾಡಿ ಕೊಡುತ್ತದೆ. ಬಿಎಂಎಸ್ ಕಡಿದರೂ ಕಾರಿಗೆ ಗೊತ್ತಾಗಲ್ಲ. ಅಲ್ಲಿ ಬ್ಯಾಟರಿ ದಿನಾ ಖಾಲಿಯಾಗಿ ದಿನಾ ತುಂಬುತ್ತದೆ, ಹಾಗಾಗಿ ಆ 2000 ಸೈಕಲ್‌ಗೆ ಕೊಟ್ಟ ದುಡ್ಡೂ ಗಿಟ್ಟುತ್ತದೆ. ಎರಡು ಕಡೆಯೂ ಬ್ಯಾಟರಿ ಹತ್ತಿರವೇ ಫ್ಯೂಸ್ ಹಾಕಿಸೋದು ಮರೆಯಬೇಡಿ.

ಮನೆಯಿಂದಲೇ ಕೆಲಸ, ಕಾರು ವಾರಗಟ್ಟಲೆ ನಿಂತಿರುತ್ತೆ ಅನ್ನೋರಿಗೆ ಲಿಥಿಯಂ ಸರಿಯಾದ ಉತ್ತರ ಅನಿಸಬಹುದು. ಅರ್ಧ ಚಾರ್ಜಿನಲ್ಲಿ ಬಿಟ್ಟರೆ ಸೀಸದ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕಟ್ಟುತ್ತದೆ, ಲಿಥಿಯಂಗೆ ಆ ರೋಗ ಇಲ್ಲ ಅನ್ನೋದು ನಿಜ. ಆದರೂ ಬ್ಯಾಟರಿಯನ್ನು ಸದಾ ತುಂಬಿಯೇ ಇಡುವ ಒಂದೆರಡು ಸಾವಿರದ ಮೇಂಟೇನರ್ ಚಾರ್ಜರನ್ನು ಪಾರ್ಕಿಂಗ್‌ನ ಪ್ಲಗ್ಗಿಗೆ ಹಾಕಿಟ್ಟರೆ ಅದೇ ಕೆಲಸ ಆಗುತ್ತದೆ. ಹಠಾತ್ತಾಗಿ ಕೈ ಕೊಡುವ ಭಯಕ್ಕೆ ಅಂಗೈಯಗಲದ ಲಿಥಿಯಂ ಜಂಪ್ ಸ್ಟಾರ್ಟರ್ ಸಿಗುತ್ತದೆ. ಅದನ್ನು ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಬಿಡಬೇಡಿ.

ಅಂಗಡಿಗೆ ಹೋಗುವ ಮುಂಚೆ

ಬ್ಯಾಟರಿಯೇ ಹೋಗಿದೆಯಾ ಅಂತ ಮೊದಲು ನೋಡಿ. ಕೆಲವು ನೂರು ರೂಪಾಯಿಯ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನಲ್ಲಿ ಬೆಳಿಗ್ಗೆ 12.4ಕ್ಕಿಂತ ಮೇಲಿದ್ದರೆ ಪರವಾಗಿಲ್ಲ. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಬ್ಯಾಟರಿಗೆ ವಯಸ್ಸಾಗಿದೆ. ಎಂಜಿನ್ ಓಡುವಾಗ ಮಾಮೂಲಿ ಆಲ್ಟರ್ನೇಟರಿನಲ್ಲಿ 13.8ರಿಂದ 14.5ರ ಒಳಗೆ ಬರಬೇಕು. ಅದಕ್ಕಿಂತ ಕಡಿಮೆ ಇದ್ದರೆ ಯಾವ ಬ್ಯಾಟರಿ ಹಾಕಿಸಿದರೂ ಒಂದೇ. ಟರ್ಮಿನಲ್ ಮೇಲೆ ಬಿಳಿ, ಹಸಿರು ಪುಡಿ ಕಟ್ಟಿದ್ದರೆ ಬಿಸಿನೀರು ಹಾಕಿ ಉಜ್ಜಿ, ಒರೆಸಿ, ವ್ಯಾಸಲಿನ್ ಹಚ್ಚಿ ನೋಡಿ. ಎಷ್ಟೋ ‘ಸತ್ತ’ ಬ್ಯಾಟರಿಗಳು ಅಷ್ಟಕ್ಕೇ ಎದ್ದು ಕೂರುತ್ತವೆ.

ಹೊಸದು ಕೊಳ್ಳುವಾಗ ಹಳೆಯದರ ಮೇಲಿನ ನಂಬರಿನ ಫೋಟೊ ತಗೊಂಡು ಹೋಗಿ. 38ಬಿ20ಎಲ್ ಅಂತ ಇದ್ದರೆ 20 ಅನ್ನೋದು ಸೆಂಟಿಮೀಟರಿನಲ್ಲಿ ಉದ್ದ, ಕೊನೆಯ ಅಕ್ಷರ ಟರ್ಮಿನಲ್ ಯಾವ ಕಡೆ ಅನ್ನೋದು. ಅದು ತಪ್ಪಿದರೆ ವೈರ್ ಎಟುಕಲ್ಲ. ಎಳೆದು ಕಟ್ಟೋಕೆ ಹೋಗಿ ಉಲ್ಟಾ ಆದರೆ ಫ್ಯೂಸ್ ಮಾತ್ರ ಹೋದರೆ ಪುಣ್ಯ. ತಯಾರಾದ ತಿಂಗಳನ್ನೂ ನೋಡಿ, ಅಂಗಡಿಯಲ್ಲಿ ಆರು ತಿಂಗಳಿಗಿಂತ ಜಾಸ್ತಿ ಕೂತದ್ದು ಬೇಡ. ಬಿಚ್ಚುವಾಗ ನೆಗೆಟಿವ್ ಮೊದಲು, ಹಾಕುವಾಗ ನೆಗೆಟಿವ್ ಕೊನೆಗೆ. ಬಿಎಂಡಬ್ಲ್ಯು, ಫೋಕ್ಸ್‌ವ್ಯಾಗನ್ ಗುಂಪಿನ ಕೆಲವು ಕಾರುಗಳಲ್ಲಿ ಹೊಸ ಬ್ಯಾಟರಿ ಹಾಕಿದ್ದೇವೆ ಅಂತ ಸ್ಕ್ಯಾನರಿನಿಂದ ಕಾರಿಗೆ ತಿಳಿಸಬೇಕು. ಅದು ಗೊತ್ತಿರುವ ಅಂಗಡಿಗೇ ಹೋಗಿ.

ಇಷ್ಟೆಲ್ಲ ಆದಮೇಲೂ ಬಾನೆಟ್ ಒಳಗೆ ಲಿಥಿಯಂ ಹಾಕಿಯೇ ತೀರುತ್ತೇನೆ ಅಂದರೆ, ಸ್ಟಾರ್ಟರ್‌ಗೆಂದೇ ಮಾಡಿದ ಎಲ್‌ಎಫ್‌ಪಿ ತಗೊಳ್ಳಿ. ಡಬ್ಬದ ಮೇಲಿನ ‘ಸಮಾನ’ ಅಂಕಿ ಬಿಟ್ಟು ನಿಜವಾದ ಎಎಚ್ ಕೇಳಿ. ಬಿಎಂಎಸ್ ಎಷ್ಟು ಆಂಪ್, ಎಷ್ಟು ವೋಲ್ಟಿಗೆ ಕಡಿಯುತ್ತದೆ, ಎಷ್ಟು ಡಿಗ್ರಿಗೆ ಕಡಿಯುತ್ತದೆ, ಕಡಿದ ಮೇಲೆ ಎಬ್ಬಿಸೋದು ಹೇಗೆ ಅಂತ ಬರಹದಲ್ಲಿ ತಗೊಳ್ಳಿ. ಆಲ್ಟರ್ನೇಟರ್ 14.6 ದಾಟುತ್ತದೆಯಾ ಅಂತ ಓಡುವ ಕಾರಿನಲ್ಲೇ ಅಳೆಸಿ. ಚಾರ್ಜರ್ ಕೊಳ್ಳೋದಾದರೆ ಎಲ್‌ಎಫ್‌ಪಿ ಮೋಡ್ ಇರುವಂಥದ್ದೇ ಇರಲಿ. ಅದರ ಆಯಸ್ಸು ಮುಗಿದಾಗ ಗುಜರಿ ಗಾಡಿಯವರಿಗೆ ಕೊಡಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಅದನ್ನು ವಾಪಸ್ ತಗೊಳ್ಳುವ ವ್ಯವಸ್ಥೆ ಮಾಡುವ ಹೊಣೆ ತಯಾರಕರದ್ದು. ಹಾಗಾಗಿ ಬಿಲ್ ಜೋಪಾನವಾಗಿಡಿ, ಕೊಡುವಾಗ ಎರಡೂ ಟರ್ಮಿನಲ್‌ಗೆ ಇನ್ಸುಲೇಷನ್ ಟೇಪ್ ಸುತ್ತಿ ಕೊಡಿ.